ಹತ್ತು ಸಾವಿರ ಬಾತ್, ನಾಲ್ಕು ಬೆಲೆ

ಜೂನ್ ತಿಂಗಳ ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ, ಥಾಯ್ಲೆಂಡಿನ ಹಣವಾದ ಬಾತ್ ಕೊಂಡ 28,600 ರೂಪಾಯಿಯ ಕೆಳಗೆ ನಾನು ಲೆಕ್ಕ ಹಾಕಿರದ ನಾಲ್ಕು ಸಾಲುಗಳಿದ್ದವು: 715.00, 128.70, 592.37, 106.63. ಬಿಲ್ಲನ್ನು ಗಡುವಿನ ದಿನ ಪೂರ್ತಿ ಕಟ್ಟಿದೆ. ಮುಂದಿನ ತಿಂಗಳು ಮತ್ತೆರಡು ಸಾಲು: 658.19 ಮತ್ತು 118.47. ಬಾಕಿ ಒಂದು ಪೈಸೆಯೂ ಇಲ್ಲದ ಕಾರ್ಡಿಗೆ ಬಡ್ಡಿ ಎಲ್ಲಿಂದ ಬಂತು ಎಂದು ಹುಡುಕುತ್ತಾ ಕುಳಿತಾಗ ಹುಟ್ಟಿದ್ದು ಬಾತ್ ಹೊಂದಿಸುವ ನಾಲ್ಕು ದಾರಿಗಳ ಈ ಹೋಲಿಕೆ.

2025ರ ಮೇ ರಜೆಯಲ್ಲಿ ನಾನು, ನಮ್ಮ ಯಜಮಾನರು ಮತ್ತು ನಾದಿನಿ ಮೈಸೂರಿನಿಂದ ಹೊರಟು ಬ್ಯಾಂಕಾಕ್ ನೋಡಿ ಬಂದೆವು. ಮೂವರೂ ಹಣವನ್ನು ಬೇರೆ ಬೇರೆ ದಾರಿಯಲ್ಲಿ ಹೊಂದಿಸಿಕೊಂಡಿದ್ದೆವು. ಮಾರುಕಟ್ಟೆಯಲ್ಲಿ ಆಗ ಒಂದು ಬಾತ್‌ಗೆ ಸುಮಾರು 2.60 ರೂಪಾಯಿ ಇತ್ತು. ಅಂದರೆ 10,000 ಬಾತ್‌ನ ನಿಜವಾದ ಬೆಲೆ 26,000. ಈ ಅಳತೆಗೋಲನ್ನು ಹಿಡಿದೇ ಪ್ರತಿಯೊಂದನ್ನೂ ನೋಡಿದ್ದೇನೆ.

ನನ್ನದೇ ಎಲ್ಲಕ್ಕಿಂತ ದುಬಾರಿಯಾಯಿತು. ಹೊರಡುವ ಗಡಿಬಿಡಿಯಲ್ಲಿ ವಿಮಾನ ನಿಲ್ದಾಣದ ಒಂದು ವಿನಿಮಯ ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡ್ ಕೊಟ್ಟು ಬಾತ್ ಕೊಂಡೆ. "ಕಾರ್ಡಿಗೆ ನಮ್ಮಲ್ಲಿ ಕಮಿಷನ್ ಇಲ್ಲ ಮೇಡಂ" ಎಂದ ಹುಡುಗ. ಅವನು ಸುಳ್ಳು ಹೇಳಲಿಲ್ಲ. ಕಮಿಷನ್ ದರದೊಳಗೇ ಇತ್ತು: ಜಿಎಸ್‌ಟಿ ಸೇರಿ ಬಾತ್‌ಗೆ 2.86. ಅಲ್ಲಿಗೇ 2,600 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಇಷ್ಟು ಹೋಗುತ್ತದೆ ಎಂದು ನನಗೂ ಅಂದಾಜಿತ್ತು, ಒಪ್ಪಿಯೇ ಕೊಟ್ಟೆ.

ಒಪ್ಪದೆ ಕೊಟ್ಟದ್ದು ಅದರ ನಂತರದ್ದು. ಪ್ರತಿ ವ್ಯಾಪಾರಿಗೂ ಕಾರ್ಡ್ ಜಾಲದಲ್ಲಿ ನಾಲ್ಕು ಅಂಕಿಯ ಒಂದು ಸಂಕೇತ ಇರುತ್ತದೆ. ಸೀರೆ ಅಂಗಡಿಗೆ ಒಂದು, ಔಷಧಿ ಅಂಗಡಿಗೆ ಇನ್ನೊಂದು. ವಿದೇಶಿ ಕರೆನ್ಸಿ ಮಾರುವವರಿಗೆ 6051. ಆ ಸಂಕೇತ ಕಂಡರೆ ಹಲವು ಬ್ಯಾಂಕುಗಳು ಅದನ್ನು ಖರೀದಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಗದು ಮುಂಗಡ ಎಂದು ಹಿಡಿಯುತ್ತವೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನೋಟು ತೆಗೆದದ್ದಕ್ಕೂ ಇದಕ್ಕೂ ಅವರ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ನನ್ನ ಕಾರ್ಡಿನಲ್ಲಿ ನಗದು ಮುಂಗಡಕ್ಕೆ ಶೇಕಡ 2.5 ಶುಲ್ಕ, ಅದರ ಮೇಲೆ ಶೇಕಡ 18 ಜಿಎಸ್‌ಟಿ. ಅದಕ್ಕಿಂತ ಕೆಟ್ಟದ್ದು ಬಡ್ಡಿ. ಖರೀದಿಗೆ ಸಿಗುವ ಬಡ್ಡಿರಹಿತ ದಿನಗಳು ನಗದು ಮುಂಗಡಕ್ಕೆ ಇಲ್ಲ. ಕಾರ್ಡ್ ಉಜ್ಜಿದ ದಿನದಿಂದಲೇ ತಿಂಗಳಿಗೆ ಶೇಕಡ 3.5, ವರ್ಷಕ್ಕೆ ಶೇಕಡ 42. ಬಿಲ್ ಬರುವವರೆಗೆ 18 ದಿನ, ಬಿಲ್ ಬಂದು ಕಟ್ಟುವವರೆಗೆ ಇನ್ನೂ 20 ದಿನ. ಎರಡನೇ ಬಿಲ್ಲಿನ ಬಡ್ಡಿ ಈ 20 ದಿನಗಳದ್ದು. ಬಡ್ಡಿಯ ಮೇಲೂ ಅದೇ ಜಿಎಸ್‌ಟಿ. ಎಲ್ಲ ಸೇರಿ 10,000 ಬಾತ್‌ಗೆ ನಾನು ತೆತ್ತದ್ದು 30,919 ರೂಪಾಯಿ.

ಗೊತ್ತಿದ್ದಿದ್ದರೆ ವಿಮಾನ ಹತ್ತುವ ಮೊದಲೇ ಮೊಬೈಲಿನಿಂದ ಕಾರ್ಡಿಗೆ 28,600 ಕಟ್ಟಿಬಿಡಬಹುದಿತ್ತು. ಶುಲ್ಕ ತಪ್ಪುತ್ತಿರಲಿಲ್ಲ, ಆದರೆ ಬಡ್ಡಿಯ ಬಹುಪಾಲು ಉಳಿಯುತ್ತಿತ್ತು. ಇದೇ ತಪ್ಪು ಈಗಾಗಲೇ ಮಾಡಿದ್ದರೆ ಬಿಲ್ಲಿಗೆ ಕಾಯಬೇಡಿ, ಇವತ್ತೇ ಕಟ್ಟಿ.

ಯಜಮಾನರದು ಉಳಿತಾಯ ಖಾತೆಯ ಡೆಬಿಟ್ ಕಾರ್ಡ್. ಬ್ಯಾಂಕಾಕ್‌ನ ಎಟಿಎಂನಲ್ಲಿ 10,000 ಬಾತ್ ತೆಗೆದರು. ಹೊರದೇಶದ ಕಾರ್ಡಿಗೆ ಆ ಯಂತ್ರ ಆಗ ಪ್ರತಿ ಸಲ 220 ಬಾತ್ ಕತ್ತರಿಸುತ್ತಿತ್ತು, ಸಾವಿರ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಆದ್ದರಿಂದ ತೆಗೆದರೆ ಒಂದೇ ಬಾರಿ ದೊಡ್ಡ ಮೊತ್ತ ತೆಗೆಯಬೇಕು. ಕೊನೆಗೆ ಒಂದು ಪರದೆ ಬಂತು: ರೂಪಾಯಿಯಲ್ಲಿ ಎಷ್ಟು ಕಡಿತವಾಗುತ್ತದೆ ಎಂದು ತೋರಿಸಿ, ಈ ದರ ಒಪ್ಪುತ್ತೀರಾ ಎಂಬ ಪ್ರಶ್ನೆ. ನಮ್ಮ ದುಡ್ಡಿನಲ್ಲೇ ಲೆಕ್ಕ ಕಂಡಾಗ ಮನಸ್ಸಿಗೆ ಸಮಾಧಾನವಾಗುತ್ತದೆ, ಕೈ ತಾನಾಗಿ ಒಪ್ಪಿಗೆಯ ಗುಂಡಿಯತ್ತ ಹೋಗುತ್ತದೆ. ಅವರು ಬೆರಳು ಹಿಂದೆಗೆದು ಭಾಗಿಸಿ ನೋಡಿದರು: ಬಾತ್‌ಗೆ 2.83 ಬಿತ್ತು. ನಿರಾಕರಿಸುವ ಗುಂಡಿ ಒತ್ತಿದರು. ಹಾಗೆ ಒತ್ತಿದರೆ ಹಣ ಬರುವುದಿಲ್ಲ ಎಂದು ಹಿಂದೆ ನಿಂತಿದ್ದ ನಾನು ಹೆದರಿದ್ದೆ. ಹಣ ಬಂತು. ನಿರಾಕರಿಸಿದ್ದು ಯಂತ್ರದ ದರವನ್ನು ಮಾತ್ರ. ವಿದೇಶಿ ಕರೆನ್ಸಿಯ ವ್ಯವಹಾರಕ್ಕೆ ಬ್ಯಾಂಕ್ ಮೇಲೆ ಸೇರಿಸುವ ಮಾರ್ಕಪ್ ಶೇಕಡ 3.5, ಅದರ ಜಿಎಸ್‌ಟಿ, ವಿದೇಶಿ ಎಟಿಎಂ ಶುಲ್ಕ 125 ಮತ್ತು ಅದಕ್ಕೂ ಜಿಎಸ್‌ಟಿ ಸೇರಿ ಅವರಿಗೆ ಬಿದ್ದದ್ದು ಸುಮಾರು 27,800.

ನಾದಿನಿ ಹೊರಡುವ ವಾರ ಮೊದಲೇ ಬೆಂಗಳೂರಿನ ಎಂ.ಜಿ. ರಸ್ತೆಯ ಬಳಿ ನೂರು ಡಾಲರಿನ ಮೂರು ನೋಟುಗಳನ್ನು ಕೊಂಡಿದ್ದಳು. ಡಾಲರಿಗೆ 86.20, ಮೇಲೆ ಜಿಎಸ್‌ಟಿ 46 ರೂಪಾಯಿ ಚಿಲ್ಲರೆ. ರೂಪಾಯಿಯಿಂದ ಡಾಲರ್, ಡಾಲರಿನಿಂದ ಬಾತ್, ಎರಡು ಸಲ ಕೈ ಬದಲಾದರೆ ಎರಡು ಸಲ ನಷ್ಟವಲ್ಲವೇ ಎಂದು ನಾನೇ ಅವಳಿಗೆ ಬುದ್ಧಿ ಹೇಳಿದ್ದೆ. ಆದರೆ ನಮ್ಮೂರಿನಲ್ಲಿ ಹೆಚ್ಚು ಓಡಾಡುವ ಕರೆನ್ಸಿ ಡಾಲರ್, ಅದರ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಅಂತರ ಕಡಿಮೆ. ಬ್ಯಾಂಕಾಕ್‌ನಲ್ಲೂ ಹಾಗೆಯೇ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತಿಕೊಂಡು ಹೊರಬಂದ ಕೂಡಲೇ ಎದುರಾಗುವ ಕೌಂಟರುಗಳನ್ನು ಬಿಟ್ಟು, ನಗರಕ್ಕೆ ಹೋಗುವ ರೈಲಿನ ನೆಲಮಾಳಿಗೆಗೆ ಇಳಿದರೆ ಅಲ್ಲಿನ ಗೂಡುಗಳಲ್ಲಿ ದರ ಒಳ್ಳೆಯದು. ಅಲ್ಲಿ ಅವಳಿಗೆ ಡಾಲರಿಗೆ 32.60 ಬಾತ್ ಸಿಕ್ಕಿತು. ಫಲಕದಲ್ಲಿ ನೂರರ ನೋಟಿಗೊಂದು ದರ, ಇಪ್ಪತ್ತರ ನೋಟಿಗೆ ಅದಕ್ಕಿಂತ ಕಡಿಮೆ ದರ. ಕೌಂಟರಿನ ಹೆಂಗಸು ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು, ಮಡಿಕೆಯ ಮೇಲೆ ಉಗುರು ಆಡಿಸಿ ನೋಡಿಯೇ ತೆಗೆದುಕೊಂಡಳು. ನಾದಿನಿಗೆ 10,000 ಬಾತ್ ಬಿದ್ದದ್ದು 26,490ಕ್ಕೆ. ನನಗಿಂತ ಅವಳಿಗೆ 4,400 ರೂಪಾಯಿಗೂ ಮೀರಿ ಉಳಿಯಿತು. ನಾವು ಮೂವರೂ ಹೋಟೆಲಿನಲ್ಲಿ ಒಂದು ದಿನ ತಂಗಿದ ಖರ್ಚಿಗಿಂತ ದೊಡ್ಡ ಮೊತ್ತ ಅದು.

ನಾಲ್ಕನೆಯದು ನೋಟಿನ ಗೊಡವೆಯೇ ಇಲ್ಲದ್ದು. ಹೋಟೆಲ್ ಬಿಲ್ಲಿಗೆ ನಾದಿನಿಯ ಮಾರ್ಕಪ್ ಇಲ್ಲದ ಕ್ರೆಡಿಟ್ ಕಾರ್ಡ್ ಬಳಸಿದೆವು. ಅದು ಖರೀದಿಯಾದ್ದರಿಂದ ಬಡ್ಡಿ ಇಲ್ಲ. ಲೆಕ್ಕ ಹಾಕಿದರೆ 10,000 ಬಾತ್‌ಗೆ 26,100ರ ಆಸುಪಾಸು. ನನ್ನ ಮಾಮೂಲಿ ಕಾರ್ಡಾಗಿದ್ದರೆ ಜಿಎಸ್‌ಟಿ ಸೇರಿ ಶೇಕಡ 4.13 ಹೆಚ್ಚಾಗುತ್ತಿತ್ತು. ಅಲ್ಲಿಯೂ ಯಂತ್ರ ರೂಪಾಯಿಯೋ ಬಾತೋ ಎಂದು ಕೇಳಿತು. ಬಾತ್ ಎಂದೇ ಹೇಳಬೇಕು. ರೂಪಾಯಿ ಎಂದರೆ ಅವರ ದುಬಾರಿ ದರವೂ ಬೀಳುತ್ತದೆ, ವ್ಯಾಪಾರಿ ಹೊರದೇಶದವನು ಎಂಬ ಕಾರಣಕ್ಕೆ ನಮ್ಮ ಹಲವು ಬ್ಯಾಂಕುಗಳು ಇನ್ನೊಂದು ಶುಲ್ಕವನ್ನೂ ಸೇರಿಸುತ್ತವೆ. ಲೆಕ್ಕದಲ್ಲಿ ಗೆದ್ದದ್ದು ಇದೇ. ಆದರೆ ರಸ್ತೆ ಬದಿಯ ಎಳನೀರಿಗೂ ದೋಣಿಗೂ ಕಾರ್ಡ್ ನಡೆಯುವುದಿಲ್ಲ, ಕೆಲವು ಸಣ್ಣ ಅಂಗಡಿಗಳು ಕಾರ್ಡಿಗೆ ಶೇಕಡ 3 ಹೆಚ್ಚು ಕೇಳುತ್ತವೆ. ಹಾಗಾಗಿ ನನ್ನ ಆಯ್ಕೆ ಇವೆರಡರ ಜೋಡಿ: ದೊಡ್ಡ ಬಿಲ್ಲಿಗೆ ಮಾರ್ಕಪ್ ಇಲ್ಲದ ಕಾರ್ಡ್, ಕೈಖರ್ಚಿಗೆ ಡಾಲರ್ ನೋಟು. ಡೆಬಿಟ್ ಕಾರ್ಡ್ ಆಪತ್ತಿಗೆ ಇರಲಿ. ಮೊದಲೇ ವಿದೇಶಿ ಹಣ ತುಂಬಿಸಿಕೊಂಡು ಹೋಗುವ ಫೋರೆಕ್ಸ್ ಕಾರ್ಡನ್ನು ನಾವು ಬಳಸಿಲ್ಲ, ಆದ್ದರಿಂದ ಅದರ ಬಗ್ಗೆ ಇಲ್ಲಿ ತೀರ್ಪು ಕೊಡುವುದಿಲ್ಲ.

ಬ್ಯಾಂಕಿಗೆ ಪತ್ರ ಬರೆದೆ. ಶುಲ್ಕದ ವಿವರ ನಿಯಮಗಳ ಪುಸ್ತಿಕೆಯಲ್ಲಿದೆ ಎಂಬ ಉತ್ತರ ಬಂತು. ತೆಗೆದು ನೋಡಿದೆ, ಇದೆ. ಆದರೆ ಕಾರ್ಡ್ ಉಜ್ಜುವ ಜಾಗದಲ್ಲಿ ಇರಬೇಕಾದ ಮಾತು ಅದು. "ನಿಮ್ಮ ಬ್ಯಾಂಕ್ ಇದನ್ನು ಸಾಲವೆಂದು ಪರಿಗಣಿಸಬಹುದು" ಎಂದು ದರದ ಫಲಕದ ಕೆಳಗೆ ಒಂದು ಸಾಲು ಬರೆಯಲು ಎಷ್ಟು ಖರ್ಚಾಗುತ್ತದೆ? ಮಕ್ಕಳ ಬಳಿ ಹೋಗುವ ವಯಸ್ಸಾದ ತಂದೆ ತಾಯಿಯರು ಅದೇ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದರು.

ಕೊನೆಗೆ ನನ್ನ ಕೈಯಲ್ಲಿ 1,200 ಬಾತ್ ಉಳಿಯಿತು. ಬೆಂಗಳೂರಿನಲ್ಲಿ ಮಾರಲು ಕೇಳಿದರೆ ಬಾತ್‌ಗೆ 2.35 ಎಂದರು. ನಾಣ್ಯಗಳನ್ನು ಮುಟ್ಟಲೇ ಇಲ್ಲ. 2,000 ಡಾಲರ್ ಮೌಲ್ಯದವರೆಗಿನ ವಿದೇಶಿ ನೋಟುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. ಮಾರದೆ ವಾಪಸ್ ತಂದು ನಾದಿನಿಯ ಪಾಸ್‌ಪೋರ್ಟ್ ಚೀಲದಲ್ಲಿ ಇಟ್ಟಿದ್ದೇನೆ. ಅವಳು ಮತ್ತೆ ಹೋಗುವವಳಿದ್ದಾಳೆ.