ಲೈಟ್ ಉರಿಯುತ್ತೆ, ಕನೆಕ್ಟ್ ಆಗಲ್ಲ: ಅಗ್ಗದ ಒಬಿಡಿ ಸ್ಕ್ಯಾನರ್, ಬಹಳ ದಿನ ಬಳಸಿದ ಮೇಲೆ

ಗಾಡಿಯ ಒಬಿಡಿ ಸಾಕೆಟ್‌ಗೆ ಚುಚ್ಚಿದ್ರೆ ಇಂಜಿನ್ನಿನ ಮಾಹಿತಿ, ದೋಷದ ಕೋಡ್‌ಗಳನ್ನು ಫೋನ್‌ನ ಆ್ಯಪ್‌ನಲ್ಲಿ ತೋರಿಸೋ ಈ ಪುಟ್ಟ ನೀಲಿ ಬ್ಲೂಟೂತ್ ಸ್ಕ್ಯಾನರ್ ಬಗ್ಗೆ ಎಲ್ಲಿ ನೋಡಿದ್ರೂ ಒಂದೇ ದೂರು: "ಕನೆಕ್ಟ್ ಆಗಲ್ಲ." ಒಂದು ಸ್ಟಾರ್ ಒತ್ತಿ ವಾಪಸ್ ಕಳಿಸಿದವರು ಬೇಕಾದಷ್ಟು ಜನ. ನನಗೂ ಸಿಟ್ಟು ಬಂದ ದಿನಗಳಿವೆ. ಆದ್ರೆ ಯಾಕೆ ಕನೆಕ್ಟ್ ಆಗಲ್ಲ ಅಂತ ಹುಡುಕುತ್ತಾ ಹೋದಾಗಲೇ ಇದರಿಂದ ನನಗೆ ದೊಡ್ಡ ಉಪಕಾರ ಆಗಿದ್ದು.

ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಊರು ತೀರ್ಥಹಳ್ಳಿ. ಸ್ಕ್ಯಾನರ್‌ಗೆ ಕೊಟ್ಟಿದ್ದು ಐನೂರು ರೂಪಾಯಿಯ ಆಸುಪಾಸು. ಇಂಜಿನ್ ಲೈಟ್ ಬಂದಾಗಲೆಲ್ಲ ಶಿವಮೊಗ್ಗಕ್ಕೆ ಓಡಿ, ಬರೀ ಸ್ಕ್ಯಾನ್ ಮಾಡಿಸೋದಕ್ಕೇ ದುಡ್ಡು ಕೊಡೋದು ಬೇಡ ಅಂತ ತಗೊಂಡೆ. ಫೀಚರ್‌ಗಳ ಪಟ್ಟಿ ಡಬ್ಬಿ ಮೇಲೇ ಇದೆ, ಅದು ಬೇಡ ಬಿಡಿ.

ಮೊದಲು ತಿಳಿಯಬೇಕಾದ್ದು, ಇಲ್ಲಿ ಕನೆಕ್ಷನ್ ಎರಡು. ಫೋನ್‌ನಿಂದ ಸ್ಕ್ಯಾನರ್‌ಗೆ ಒಂದು, ಸ್ಕ್ಯಾನರ್‌ನಿಂದ ಗಾಡಿಯ ಇಸಿಯುಗೆ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್‌ಗೆ, ಇನ್ನೊಂದು. ಯಾವುದು ಕೈಕೊಟ್ಟಿದೆ ಅಂತ ತಿಳಿಯದೆ ಸುಮ್ನೆ ಆ್ಯಪ್ ಅಳಿಸಿ ಮತ್ತೆ ಹಾಕಿದ್ರೆ ಏನೂ ಆಗಲ್ಲ.

ಕೆಂಪು ಲೈಟೇ ಬರದಿದ್ರೆ ಕರೆಂಟ್ ಇಲ್ಲ ಅಂತ ಅರ್ಥ. ಸ್ಟೇರಿಂಗ್ ಕೆಳಗಿನ ಆ 16 ಪಿನ್ ಸಾಕೆಟ್‌ನಲ್ಲಿ 16ನೇ ಪಿನ್‌ಗೆ ಬ್ಯಾಟರಿಯ 12 ವೋಲ್ಟ್ ಬರುತ್ತೆ, 4 ಮತ್ತು 5 ಅರ್ತ್. ಎಷ್ಟೋ ಗಾಡಿಗಳಲ್ಲಿ ಈ ಸಾಕೆಟ್‌ಗೂ ಸಿಗರೇಟ್ ಲೈಟರ್ ಸಾಕೆಟ್‌ಗೂ ಒಂದೇ ಫ್ಯೂಸ್. ನಮ್ಮ ಗಾಡೀಲೂ ಹಾಗೇ. ಒಮ್ಮೆ ಲೈಟ್ ಬರದಿದ್ದಾಗ ನಮ್ಮೂರ ಎಲೆಕ್ಟ್ರಿಷಿಯನ್ ಹೇಳಿದ್ದು ಇಷ್ಟೇ: "ಮೊಬೈಲ್ ಚಾರ್ಜ್ ಆಗ್ತಿದ್ಯಾ ನೋಡಿ ಮಾರಾಯ್ರೆ." ಆಗ್ತಿರಲಿಲ್ಲ. ಟೈರಿಗೆ ಗಾಳಿ ಹೊಡೆಯೋ ಸಣ್ಣ ಪಂಪ್ ಹಾಕಿದಾಗ ಫ್ಯೂಸ್ ಹೋಗಿತ್ತು. ಅಷ್ಟೇ ಆಂಪಿಯರ್‌ನ ಇನ್ನೊಂದು ಹಾಕಿದೆವು, ಸರಿಹೋಯ್ತು.

ಲೈಟ್ ಇದ್ದೂ ಫೋನ್‌ಗೆ ಸಿಗದಿದ್ರೆ ಬ್ಲೂಟೂತ್ ಕಡೆ ನೋಡಿ. ಆಂಡ್ರಾಯ್ಡ್‌ನಲ್ಲಿ ಇದನ್ನು ಮೊದಲು ಫೋನ್ ಸೆಟ್ಟಿಂಗ್ಸ್‌ನಲ್ಲಿ ಪೇರ್ ಮಾಡಬೇಕು. ಆಗ ಕೇಳೋ ಪಿನ್ ನಂಬರ್ ಸಾಮಾನ್ಯವಾಗಿ 1234, ಇಲ್ಲಾಂದ್ರೆ 0000. ಆಮೇಲೆ ಆ್ಯಪ್ ಒಳಗೆ ಹೋಗಿ ಇದೇ ಡಿವೈಸ್ ಅಂತ ಆರಿಸಬೇಕು. ಆಂಡ್ರಾಯ್ಡ್ 12ರಿಂದ ಈಚೆಗೆ "ನಿಯರ್‌ಬೈ ಡಿವೈಸಸ್" ಅನುಮತಿಯನ್ನೂ ಕೇಳುತ್ತೆ, ಅದನ್ನು ಕೊಡದಿದ್ರೆ ಆ್ಯಪ್‌ಗೆ ಏನೂ ಕಾಣಲ್ಲ. ಮನೆಯವಳ ಐಫೋನ್‌ಗೆ ಇದು ಸಿಗೋದೇ ಇಲ್ಲ. ಹಳೇ ಮಾದರಿಯ ಬ್ಲೂಟೂತ್ ಇರೋ ಇಂಥ ಅಗ್ಗದ ಸ್ಕ್ಯಾನರ್‌ಗಳು ಐಫೋನ್‌ಗೆ ಆಗಿಬರಲ್ಲ. ಬ್ಲೂಟೂತ್ ಲೋ ಎನರ್ಜಿ ಅಥವಾ ವೈಫೈ ಇರೋದೇ ತಗೊಳ್ಳಬೇಕು.

ಇನ್ನು ನನ್ನನ್ನು ನಿಜವಾಗಿ ಕಾಡಿದ ಸಮಸ್ಯೆ. ಬೆಳಿಗ್ಗೆ ಆಫೀಸಿಗೆ ಹೊರಡೋ ಮುಂಚೆ ನನ್ನದೊಂದು ಅಭ್ಯಾಸ ಇದೆ. ಬಾಗಿಲು ತೆಗೆದು ಕೂತು, ಬಗ್ಗಿ ಸ್ಕ್ಯಾನರ್ ಚುಚ್ಚಿ, ಕೀ ಆನ್ ಮಾಡಿ, ಫೋನನ್ನು ಹೋಲ್ಡರ್‌ಗೆ ಸಿಕ್ಕಿಸುತ್ತೇನೆ. ಆಮೇಲೆ ಸ್ಟಾರ್ಟ್. ಕೂಲಂಟ್ (ಇಂಜಿನ್ ತಂಪು ಮಾಡೋ ದ್ರವ) ಬಿಸಿ 24, 30, 45 ಡಿಗ್ರಿ ಅಂತ ಮೇಲೇರೋದನ್ನು ನೋಡುತ್ತಾ ಗೇಟ್ ತೆಗೆಯೋವರೆಗೆ ಕಾಯೋದು. ಆಗುಂಬೆ ಘಾಟಿ ಹತ್ತುವಾಗ ಅದೇ ಅಂಕಿ 90 ದಾಟಿ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನೋಡೋದು ನನಗೆ ತುಂಬಾ ಇಷ್ಟ. ನಮ್ಮ ಗಾಡೀಲಿ ಬಿಸಿ ತೋರಿಸೋ ಮುಳ್ಳೇ ಇಲ್ಲ, ಬರೀ ಎಚ್ಚರಿಕೆ ದೀಪ ಇರೋದು.

ಮಳೆಗಾಲದಲ್ಲಿ ಈ ಅಭ್ಯಾಸಕ್ಕೆ ಕಲ್ಲು ಬಿತ್ತು. ಕೀ ಆನ್‌ನಲ್ಲಿ ಕನೆಕ್ಟ್ ಆಗ್ತಿತ್ತು, ಸೆಲ್ಫ್ ಹೊಡೆದ ತಕ್ಷಣ ಸತ್ತುಹೋಗ್ತಿತ್ತು. ಕೆಂಪು ಲೈಟ್ ಮಾತ್ರ ಹಾಗೇ ಉರಿಯುತ್ತಿತ್ತು. ಕಿತ್ತು ಮತ್ತೆ ಚುಚ್ಚಿದ್ರೆ ಸರಿ. ಮಧ್ಯಾಹ್ನ ಈ ತೊಂದರೆ ಇರ್ತಿರಲಿಲ್ಲ, ಬೆಳಿಗ್ಗೆ ಮಾತ್ರ. ಸ್ಕ್ಯಾನರ್ ಹಾಳಾಯ್ತು ಅಂತಲೇ ಯಾರಿಗಾದ್ರೂ ಅನಿಸುತ್ತೆ, ಅಲ್ವಾ?

ಆ್ಯಪ್‌ನಲ್ಲಿ ಟರ್ಮಿನಲ್ ಅಂತ ಒಂದು ಜಾಗ ಇರುತ್ತೆ. ಅಲ್ಲಿ "ಎಟಿ ಆರ್‌ವಿ" ಅನ್ನೋ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ್ರೆ ಸ್ಕ್ಯಾನರ್ ತನಗೆ ಸಿಗುತ್ತಿರೋ ವೋಲ್ಟೇಜ್ ಹೇಳುತ್ತೆ. ಇದಕ್ಕೆ ಇಸಿಯು ಜೊತೆ ಕನೆಕ್ಷನ್ನೂ ಬೇಡ. ರಾತ್ರಿಯಿಡೀ ನಿಂತ ಗಾಡೀಲಿ 12.0 ಬಂತು. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ 12.6ರ ಸುತ್ತಮುತ್ತ ಇರಬೇಕು. ಅಗ್ಗದ ಸ್ಕ್ಯಾನರ್ ಒಂದೆರಡು ಪಾಯಿಂಟ್ ತಪ್ಪು ಹೇಳಬಹುದು ಅಂತ ಮಲ್ಟಿಮೀಟರ್ ಇಟ್ಟೂ ನೋಡಿದೆ. ಹೆಚ್ಚು ವ್ಯತ್ಯಾಸ ಇರಲಿಲ್ಲ. ಸೆಲ್ಫ್ ಹೊಡೆದಾಗ ಮೀಟರ್ 9ರ ಕೆಳಗೆ ಇಳಿಯಿತು. ಅಷ್ಟು ಇಳಿದಾಗ ಸ್ಕ್ಯಾನರ್ ಒಳಗಿನ ಚಿಪ್ ಅರ್ಧಕ್ಕೇ ರೀಸೆಟ್ ಆಗಿ ಸಿಕ್ಕಿಕೊಳ್ಳುತ್ತಿತ್ತು. ಗಾಡಿ ಇನ್ನೂ ಸ್ಟಾರ್ಟ್ ಆಗ್ತಿತ್ತು, ಹಾಗಾಗಿ ಬ್ಯಾಟರಿ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದ ಮರುದಿನದಿಂದ ಕನೆಕ್ಷನ್ ಒಮ್ಮೆಯೂ ಬಿಟ್ಟಿಲ್ಲ. ಘಾಟಿಯಲ್ಲಿ ಮಳೆ ಹೊತ್ತಲ್ಲಿ ಗಾಡಿ ಕೈಕೊಡೋದು ತಪ್ಪಿತು. ಐನೂರು ರೂಪಾಯಿ ಅಲ್ಲಿಗೇ ವಸೂಲ್.

ಇಷ್ಟು ಹೊಗಳಿದ ಮೇಲೆ ಬೇಸರವನ್ನೂ ಹೇಳಬೇಕು. ಭಾವನ ಬಿಎಸ್6 ಗಾಡಿಗೆ ಹಾಕಿದಾಗ ಫೋನ್ ಸಿಕ್ಕಿತು, ಗಾಡಿ ಸಿಗಲಿಲ್ಲ. "ಅನ್‌ಏಬಲ್ ಟು ಕನೆಕ್ಟ್" ಅಂತಲೇ ಬರ್ತಿತ್ತು. ಕೀ ಪೂರ್ತಿ ಆನ್ ಇತ್ತು. ಎಸಿಸಿಯಲ್ಲಿ, ಅಂದ್ರೆ ಕೀ ಅರ್ಧ ತಿರುಗಿಸಿದಾಗ, ಇಸಿಯು ಎದ್ದಿರಲ್ಲ, ಇದು ನೆನಪಿರಲಿ. ಆ್ಯಪ್‌ನಲ್ಲಿ ಪ್ರೋಟೋಕಾಲನ್ನು (ಸ್ಕ್ಯಾನರ್ ಇಸಿಯು ಜೊತೆ ಮಾತಾಡೋ ರೀತಿ) ಆಟೋ ಬಿಟ್ಟು ಕ್ಯಾನ್ 11 ಬಿಟ್, 500 ಕೆಬಿಪಿಎಸ್ ಅಂತ ಕೈಯಾರೆ ಹಾಕಿದಾಗ ಆರ್‌ಪಿಎಂ (ಇಂಜಿನ್ ಸುತ್ತೋ ವೇಗ) ಬಂತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಅದೇ ಸಾಕೆಟ್‌ಗೆ ಗ್ಯಾರೇಜಿನವರ ಸ್ಕ್ಯಾನರ್ ಹಾಕಿದ್ರೆ ಒಂದೇ ಸಲಕ್ಕೆ ಎಲ್ಲಾ ಬಂತು.

ನನ್ನ ಸ್ಕ್ಯಾನರ್ ತನ್ನೊಳಗಿನ ಚಿಪ್ ಇಎಲ್‌ಎಂ327 ವರ್ಷನ್ 1.5 ಅಂತ ಹೇಳಿಕೊಳ್ಳುತ್ತೆ. ಆ ಚಿಪ್ ಮಾಡಿದ ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ 1.5 ಅನ್ನೋ ವರ್ಷನ್ ಬಿಡುಗಡೆ ಮಾಡೇ ಇಲ್ಲ. 1.4ರ ಸಾಲು ಮುಗಿದ ಮೇಲೆ ನೇರ 2.0. ಅಂದ್ರೆ ಇದು ನಕಲು. ನಕಲು ಆದ್ರೂ ನಡೆಯಲಿ, ಸುಳ್ಳು ನಂಬರ್ ಹಾಕಿ ಮಾರೋದು ನನಗೆ ಸಹಿಸಕ್ಕಾಗಲ್ಲ. ಕೊಳ್ಳೋನಿಗೆ ಏನು ಸಿಗಲ್ಲ ಅಂತ ಗೊತ್ತಾಗೋದು ಹೇಗೆ? ಎಬಿಎಸ್, ಏರ್‌ಬ್ಯಾಗ್ ಲೈಟ್‌ಗಳ ಕೋಡ್ ಸಾಮಾನ್ಯ ಆ್ಯಪ್‌ನಲ್ಲಿ ಬರಲ್ಲ ಅಂತಲೂ ಡಬ್ಬಿ ಮೇಲೆ ಎಲ್ಲೂ ಬರೆದಿಲ್ಲ.

ಇನ್ನೊಂದು ಮಾತು. 16ನೇ ಪಿನ್‌ಗೆ ಕೀ ತೆಗೆದ ಮೇಲೂ ಕರೆಂಟ್ ಇರುತ್ತೆ. ಗಾಡಿ ವಾರಗಟ್ಟಲೆ ನಿಲ್ಲೋದಿದ್ರೆ ಕಿತ್ತಿಡಿ.

ಹಳೇ ಗಾಡಿ, ಆಂಡ್ರಾಯ್ಡ್ ಫೋನ್, ಸ್ವಲ್ಪ ತಾಳ್ಮೆ ಇದ್ರೆ ಧೈರ್ಯವಾಗಿ ತಗೊಳ್ಳಿ. ಬಿಎಸ್6 ಗಾಡಿ ಅಥವಾ ಐಫೋನ್ ಇದ್ರೆ ಬೇಡ, ಎರಡು ಸಾವಿರದ ಹತ್ತಿರದ್ದು ನೋಡಿ. ಭಾವನಿಗೆ ನಾನು ಅದನ್ನೇ ಕೊಡಿಸಿದೆ. ಐದಕ್ಕೆ ಮೂರು ಸ್ಟಾರ್.