ಡಯಲ್ ಇರುವ ಮಂಡಿ ಬ್ರೇಸ್: ಹಾಕಿದ್ದು ಸುಲಭ, ತೆಗೆದಿದ್ದು ಕಷ್ಟ

ಕೋಲಾರದ ಒಂದು ಸರ್ಜಿಕಲ್ ಅಂಗಡಿಯಲ್ಲಿ 3,400 ರೂಪಾಯಿ ಕೊಟ್ಟು ತಂದ ಮಂಡಿ ಬ್ರೇಸ್, ಅಂದರೆ ಮಂಡಿಗೆ ಆಸರೆಯಾಗಿ ಕಟ್ಟುವ ಸಾಧನದ ಬಗ್ಗೆ ಬರೆಯುತ್ತಿದ್ದೇನೆ. ತೊಡೆಯ ಮಧ್ಯದಿಂದ ಮೀನಖಂಡದ ಕೆಳಗಿನವರೆಗೆ ಬರುವ ಉದ್ದನೆಯದು. ಎರಡೂ ಪಕ್ಕ ಅಲ್ಯೂಮಿನಿಯಂ ಪಟ್ಟಿ, ಮಂಡಿಯ ಹತ್ತಿರ ಗುಂಡಗಿನ ಡಯಲ್. ಅದರ ಮೇಲೆ 0, 30, 60, 90 ಅಂತ ಡಿಗ್ರಿಯ ಅಂಕಿಗಳಿವೆ. ಪಿನ್ನು ಯಾವ ಅಂಕಿಯಲ್ಲಿದೆಯೋ ಅಲ್ಲಿಯವರೆಗೆ ಮಾತ್ರ ಮಂಡಿ ಮಡಚಬಹುದು. ಕಂಪನಿಯ ಹೆಸರು ಹಾಕುತ್ತಿಲ್ಲ. ಅಂಗಡಿಯಲ್ಲಿ ಮೂರು ಕಂಪನಿಯವು ನೋಡಿದೆ, ಮೂರೂ ಹೆಚ್ಚುಕಡಿಮೆ ಒಂದೇ ಥರ ಇದ್ದವು.

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. 2021ರ ನವೆಂಬರ್‌ನಲ್ಲಿ ಹುಡುಗಿಯರಿಗೆ ಖೋಖೋ ಹೇಳಿಕೊಡುತ್ತಿದ್ದೆ. ಕಂಬದ ಹತ್ತಿರ ತಿರುಗುವಾಗ ಪಾದ ಮಣ್ಣಲ್ಲಿ ಕಚ್ಚಿಕೊಂಡಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಟಪ್ ಅಂತ ಸದ್ದು. ಪಕ್ಕದ ಚೌಕದಲ್ಲಿ ಕೂತಿದ್ದ ಹುಡುಗಿಗೂ ಅದು ಕೇಳಿಸಿತಂತೆ. ಮೂರು ವಾರ ಎಣ್ಣೆ, ಕಟ್ಟು ಅಂತ ಕಳೆದೆ. ಆಮೇಲೆ ಎಂಆರ್‌ಐ ಮಾಡಿಸಿದಾಗ ಎಸಿಎಲ್ ಪೂರ್ತಿ ಹರಿದಿದೆ ಎಂದರು. ಮಂಡಿಯ ಒಳಗೆ ಓರೆಯಾಗಿದ್ದು ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ (ಗಟ್ಟಿ ಪಟ್ಟಿ) ಅದು. ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನನ್ನ ತೊಡೆಯ ಹಿಂಭಾಗದ ಸ್ನಾಯುರಜ್ಜನ್ನೇ (ಟೆಂಡನ್) ತೆಗೆದು ಒಳಗೆ ಕೂರಿಸಿದರು. ಮರುದಿನದಿಂದ ಈ ಬ್ರೇಸ್.

ಮೊದಲು ಉಪಯೋಗಕ್ಕೆ ಬರುವ ಮಾತು ಹೇಳುತ್ತೇನೆ. ಸೈಜು ಅಂದಾಜಿನಲ್ಲಿ ತರಬೇಡಿ. ಮಂಡಿ ಚಿಪ್ಪಿನ ಮೇಲೆ ತೊಡೆಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆದುಕೊಂಡೇ ಹೋಗಿ. ಇದರ ದೊಡ್ಡ ತೊಂದರೆ ಏನೆಂದರೆ, ನಡೆಯುತ್ತಾ ನಡೆಯುತ್ತಾ ಕೆಳಗೆ ಜಾರುತ್ತದೆ. ಡಯಲ್ ಮಂಡಿಗಿಂತ ಎರಡು ಬೆರಳು ಕೆಳಗೆ ಬಂತೆಂದರೆ ಹಾಕಿಯೂ ಪ್ರಯೋಜನವಿಲ್ಲ. ನಾನು ಮೊದಲ ವಾರ ಮೇಲಿನ ಪಟ್ಟಿಯಿಂದ ಕಟ್ಟಲು ಶುರು ಮಾಡುತ್ತಿದ್ದೆ. ಫಿಸಿಯೋ ಮೇಡಂ ನೋಡಿ, 'ಮಂಡಿಯ ಕೆಳಗಿನ ಪಟ್ಟಿ ಮೊದಲು ಬಿಗಿ ಮಾಡಿ, ಮೀನಖಂಡ ಅದನ್ನು ಹಿಡಿದುಕೊಳ್ಳುತ್ತದೆ' ಎಂದರು. ಅಲ್ಲಿಂದ ಜಾರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ವೆಲ್ಕ್ರೋ ಚೂಡಿದಾರದ ಬಟ್ಟೆಯನ್ನು ಕಚ್ಚಿ ದಾರ ಕೀಳುತ್ತದೆ. ನನ್ನ ಎರಡು ಪ್ಯಾಂಟು ಹಾಗೆ ಹಾಳಾದವು. ಬೇಸಿಗೆಯಲ್ಲಿ ಒಳಗಿನ ಸ್ಪಂಜು ಬೆವರು ಕುಡಿದು ವಾಸನೆ ಬರುತ್ತದೆ. ಸ್ಪಂಜು ಬಿಚ್ಚಿ ತೊಳೆಯಬಹುದು, ಆದರೆ ಒಣಗಲು ಒಂದು ದಿನ ಬೇಕು. ಎರಡು ಸೆಟ್ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಕೆಲಸದಲ್ಲಿ ಮಾತ್ರ ಹೆಸರಿಡುವ ಹಾಗಿಲ್ಲ. ರಾತ್ರಿ ನಿದ್ದೆಗಣ್ಣಲ್ಲಿ ಹೊರಳಿದರೂ ಮಂಡಿ ತಿರುಚಲಿಲ್ಲ. ಬಸ್ಸಿನಲ್ಲಿ ಯಾರೋ ಬ್ಯಾಗು ತಾಗಿಸಿದರೂ ಅಲ್ಯೂಮಿನಿಯಂ ಪಟ್ಟಿ ತಡೆಯಿತು. ಆ ಕಾಸಿಗೆ ಮೋಸವಿಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ಬ್ರೇಸ್ ಹಾಕಿಕೊಂಡು ಮಲಗಿದ್ದ ದಿನಗಳಲ್ಲಿ ನಾನು ನೋಡಿದ್ದನ್ನು ಬಿಟ್ಟರೆ ಈ ರಿವ್ಯೂ ಅರ್ಧ ಆಗುತ್ತದೆ.

2022ರ ಫೆಬ್ರವರಿ 4ರಿಂದ 20ರವರೆಗೆ ಬೀಜಿಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ನನ್ನ ಡಯಲ್ ಆಗ 0ಯಲ್ಲಿತ್ತು. ಕಾಲು ಕೋಲಿನ ಹಾಗೆ ನೇರ. ನೆಲದಲ್ಲಿ ಕೂರುವ ಹಾಗಿಲ್ಲ, ಬಾಗಿಲಿಗೆ ರಂಗೋಲಿ ಹಾಕುವ ಹಾಗಿಲ್ಲ, ಮುದ್ದೆ ಊಟವೂ ಮಂಚದ ಮೇಲೆ. ಕೈಯಲ್ಲಿ ಮೊಬೈಲ್. ಹಿಮವನ್ನು ಕಣ್ಣಾರೆ ಕಂಡವಳಲ್ಲ ನಾನು. ಆದರೂ ಬೆಳಗ್ಗೆ ಎದ್ದ ಕೂಡಲೇ ಸ್ಕೀ ನೋಡುವುದು ಅಭ್ಯಾಸವಾಯಿತು. ಯಾಕೆಂದರೆ ಅವರ ಮಾತಿನಲ್ಲೆಲ್ಲಾ ಮಂಡಿಯೇ ಇತ್ತು. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಕಣಕಾಲನ್ನು ಅಲುಗಾಡಲು ಬಿಡುವುದಿಲ್ಲ. ಹಾಗಾಗಿ ಸ್ಕೀ ಒಂದು ಕಡೆ, ಮೈ ಒಂದು ಕಡೆ ತಿರುಗಿದಾಗ ಆ ತಿರುಚು ಪೂರ್ತಿ ಮಂಡಿಗೆ ಹೋಗುತ್ತದೆ. ನನಗೆ ಖೋಖೋ ಕಂಬದ ಹತ್ತಿರ ಆಗಿದ್ದೂ ಅದೇ ಅಲ್ವಾ?

ಫೆಬ್ರವರಿ 9ರ ಬೆಳಗ್ಗೆ ಅಮ್ಮನೂ ಪಕ್ಕದಲ್ಲಿದ್ದರು. ಮಹಿಳೆಯರ ಸ್ಲಾಲಮ್, ಅಂದರೆ ಹಿಮದಲ್ಲಿ ನೆಟ್ಟ ಕೋಲುಗಳ 'ಗೇಟು'ಗಳ ನಡುವೆ ಅಂಕುಡೊಂಕಾಗಿ ಸ್ಕೀ ಮೇಲೆ ಇಳಿಯುವ ಸ್ಪರ್ಧೆ. ಅಮೆರಿಕದ ಮಿಕೇಲಾ ಶಿಫ್ರಿನ್ ಇಳಿದರು. 2014ರಲ್ಲಿ 18ನೇ ವಯಸ್ಸಿಗೇ ಈ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು. ಎರಡು ದಿನ ಮುಂಚೆ, ಗೇಟುಗಳು ಇನ್ನೂ ದೂರದೂರ ಇರುವ ಜೈಂಟ್ ಸ್ಲಾಲಮ್‌ನಲ್ಲಿ ಬಿದ್ದಿದ್ದರು. ಇವತ್ತೂ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ದಾರಿ ತಪ್ಪಿತು. ಪಕ್ಕಕ್ಕೆ ಸರಿದು, ಹಿಮದ ಮೇಲೆ ಕೂತು, ಮಂಡಿಯ ಮೇಲೆ ತಲೆ ಇಟ್ಟುಬಿಟ್ಟರು. ಉಳಿದವರು ಒಬ್ಬೊಬ್ಬರಾಗಿ ಅವರ ಪಕ್ಕದಲ್ಲೇ ಇಳಿದು ಹೋಗುತ್ತಿದ್ದರು. ಇವರು ಏಳಲಿಲ್ಲ.

'ಆ ಹುಡುಗಿ ಯಾಕಮ್ಮಾ ಅಲ್ಲೇ ಕೂತುಬಿಟ್ಟಳು? ಏಟಾಯಿತಾ?' ಅಂತ ಅಮ್ಮ ಕೇಳಿದರು.

ಏಟಲ್ಲ ಅಂದೆ. ಎರಡು ವರ್ಷದ ಹಿಂದೆ ಇದೇ ಫೆಬ್ರವರಿಯಲ್ಲಿ ಅವರ ಅಪ್ಪ ಮನೆಯಲ್ಲಾದ ಅಪಘಾತದಲ್ಲಿ ತೀರಿಕೊಂಡರು ಎಂದು ಹೇಳಿದೆ. ಅಮ್ಮ ಮತ್ತೆ ಮಾತಾಡಲಿಲ್ಲ. ನಮ್ಮ ಅಪ್ಪನೂ ಇಲ್ಲ. ವೇಮಗಲ್ ಕಡೆಯ ಹಳ್ಳಿಯಿಂದ ನನ್ನನ್ನು ಲೂನಾ ಹಿಂದೆ ಕೂರಿಸಿಕೊಂಡು ಕೋಲಾರದ ಕ್ರೀಡಾಂಗಣಕ್ಕೆ ಕರೆತರುತ್ತಿದ್ದವರು ಅವರೇ. ಆಟ ಮುಗಿಯುವವರೆಗೆ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಒಂದು ಸಲವೂ ಒಳಗೆ ಬಂದು ನೋಡಿದವರಲ್ಲ, ಹುಡುಗಿಯರು ಆಡುವ ಕಡೆ ಗಂಡಸರು ನಿಂತರೆ ಚೆನ್ನಾಗಿರಲ್ಲ ಅಂತ.

ಮರುದಿನ ಕ್ಲೋಯಿ ಕಿಮ್ ಹಾಫ್‌ಪೈಪ್‌ನಲ್ಲಿ ಚಿನ್ನ ಗೆದ್ದರು. ಅರ್ಧ ಸೀಳಿದ ದೊಡ್ಡ ಕೊಳವೆಯಂಥ ಹಿಮದ ಗೋಡೆಗಳ ನಡುವೆ ಸ್ನೋಬೋರ್ಡ್ ಮೇಲೆ ಹಾರುವ ಆಟ ಅದು. ಅವರ ಅಪ್ಪ ಕೊರಿಯಾದಿಂದ ಅಮೆರಿಕಕ್ಕೆ ಹೋದವರು. ಮಗಳ ಅಭ್ಯಾಸಕ್ಕಾಗಿ ಇಂಜಿನಿಯರ್ ಕೆಲಸ ಬಿಟ್ಟು, ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬೆಟ್ಟಕ್ಕೆ ಕರೆದೊಯ್ಯುತ್ತಿದ್ದರು. ಓದುವಾಗ ನನಗೆ ಲೂನಾ ಶಬ್ದ ಕೇಳಿಸಿತು. ಇದೇ ಕಿಮ್ 2018ರಲ್ಲಿ 17 ವರ್ಷಕ್ಕೆ ಚಿನ್ನ ಗೆದ್ದರು. ಮನೆಗೆ ಬಂದ ಮೇಲೆ ಆ ಪದಕವನ್ನು ಕಸದ ಬುಟ್ಟಿಗೆ ಹಾಕಿದ್ದೆ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಆ ಗೆಲುವು ತಂದ ಒತ್ತಡ ಅಷ್ಟಿತ್ತು. 2019ರಲ್ಲಿ ಕಣಕಾಲು ಮುರಿಯಿತು. ಆಟ ಬಿಟ್ಟು ಕಾಲೇಜಿಗೆ ಹೋದರು. ಮನಸ್ಸು ತಿಳಿಯಾದ ಮೇಲೆ ತಾವಾಗಿ ಮರಳಿದರು. ಹುಡುಗಿಯರನ್ನು 'ಇನ್ನೊಂದು ರೌಂಡ್, ಇನ್ನೊಂದು ರೌಂಡ್' ಅಂತ ಓಡಿಸುವ ನನಗೆ ಈ ಕತೆ ಚುರುಕ್ ಅಂದಿತು. ಈಗ ಯಾರಾದರೂ 'ಇವತ್ತು ಬೇಡ ಮಿಸ್' ಅಂದರೆ ಯಾಕೆ ಅಂತ ಕೇಳುವ ಮೊದಲು ಒಂದು ನಿಮಿಷ ಅವರ ಮುಖ ನೋಡುತ್ತೇನೆ.

ಅತಿ ಹೆಚ್ಚು ಕಾದು ನೋಡಿದ್ದು ಫೆಬ್ರವರಿ 13. ಭಾರತದಿಂದ ಹೋಗಿದ್ದವರು ಒಬ್ಬರೇ, ಕಾಶ್ಮೀರದ ಆರಿಫ್ ಖಾನ್. ಗುಲ್ಮಾರ್ಗ್‌ನಲ್ಲಿ ಅಪ್ಪನಿಗೆ ಸ್ಕೀ ಸಾಮಾನಿನ ಅಂಗಡಿ. ದುಡ್ಡು ಹೊಂದಲಿಲ್ಲ ಅಂತ 2018ರ ಒಲಿಂಪಿಕ್ಸ್ ಕೈತಪ್ಪಿತ್ತು. ಈ ಸಲ ಅರ್ಹತೆ ಪಡೆಯಲು ಮದುವೆಯನ್ನೇ ಮುಂದೂಡಿದ್ದರು. ತಾಲ್ಲೂಕು ಗೆದ್ದ ಹುಡುಗಿಯರನ್ನು ಜಿಲ್ಲಾ ಮಟ್ಟಕ್ಕೆ ಕರೆದೊಯ್ಯಲು ಬಸ್ ಚಾರ್ಜಿಗೆ ಓಡಾಡುವ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವತ್ತು ಹಿಮ ಜೋರಾಗಿ ಬೀಳುತ್ತಿತ್ತು, ಮುಂದಿನ ಗೇಟೂ ಸರಿಯಾಗಿ ಕಾಣದಷ್ಟು. ಎಷ್ಟೋ ಜನ ಮೊದಲ ಸುತ್ತಿನಲ್ಲೇ ಬಿದ್ದರು. ಆರಿಫ್ ಜೈಂಟ್ ಸ್ಲಾಲಮ್‌ನ ಎರಡೂ ಸುತ್ತು ಮುಗಿಸಿ 45ನೆಯವರಾದರು. ಮೂರು ದಿನದ ನಂತರ ಸ್ಲಾಲಮ್‌ನಲ್ಲಿ ಮುಗಿಸಲಾಗಲಿಲ್ಲ. ನಮ್ಮ ಮನೆಯಲ್ಲಿ ಆ 45ಕ್ಕೆ ಚಪ್ಪಾಳೆ ಬಿತ್ತು. ಅಮ್ಮ ದೇವರಿಗೆ ಇಟ್ಟಿದ್ದ ಬೆಲ್ಲದ ಚೂರು ತಂದು ನನ್ನ ಕೈಗಿಟ್ಟರು.

ಮಾರ್ಚ್‌ನಲ್ಲಿ ಡಯಲ್ 30ಕ್ಕೆ ಬಂತು, ಆಮೇಲೆ 60, ಆಮೇಲೆ 90. ಪ್ರತಿ ಸಲ ಪಿನ್ನು ಕಿತ್ತು ಮುಂದಿನ ತೂತಿಗೆ ಹಾಕುವಾಗ ಫಿಸಿಯೋ ಮೇಡಂ 'ನೀವೇ ಹಾಕಿ' ಅನ್ನುತ್ತಿದ್ದರು. ಕ್ಲಿಕ್ ಅನ್ನುವ ಆ ಸದ್ದು ಇನ್ನೂ ಕಿವಿಯಲ್ಲಿದೆ. ನಂತರ ಒಂದು ದಿನ 'ಇನ್ನು ಬ್ರೇಸ್ ಬೇಡ' ಎಂದರು.

ನನಗೆ ತೆಗೆಯಲಾಗಲಿಲ್ಲ.

ಮನೆಯಲ್ಲಿ ತೆಗೆಯುತ್ತಿದ್ದೆ, ಶಾಲೆಗೆ ಹೊರಡುವಾಗ ಮತ್ತೆ ಕಟ್ಟುತ್ತಿದ್ದೆ. ನೋವಿರಲಿಲ್ಲ, ಊತ ಇರಲಿಲ್ಲ. ಆದರೆ ಖೋಖೋ ಕಂಬ ಕಂಡರೆ ಎದೆ ಡವಡವ. ಹೀಗೆ ಎರಡು ತಿಂಗಳು. ತೊಡೆ ಸಣ್ಣಗಾಯಿತು. ಬ್ರೇಸ್ ಮಾಡುವ ಕೆಲಸವನ್ನು ಸ್ನಾಯು ಮಾಡಲಿಲ್ಲ, ಅದಕ್ಕೆ. ಇದು ಆ ವಸ್ತುವಿನ ತಪ್ಪಲ್ಲ. ಆದರೆ ಕೊಳ್ಳುವವರಿಗೆ ಗೊತ್ತಿರಬೇಕು. ಡಬ್ಬದ ಮೇಲೆ ಹೇಗೆ ಹಾಕಬೇಕು ಅಂತ ಆರು ಚಿತ್ರಗಳಿವೆ. ಯಾವಾಗ ಬಿಡಬೇಕು ಅಂತ ಒಂದು ಸಾಲೂ ಇಲ್ಲ.

ಆ ಭಯಕ್ಕೆ ಹೆಸರು ಸಿಕ್ಕಿದ್ದು ಮೂರು ವರ್ಷದ ಮೇಲೆ. 2024ರ ನವೆಂಬರ್‌ನಲ್ಲಿ ಅಮೆರಿಕದ ಕಿಲ್ಲಿಂಗ್ಟನ್‌ನಲ್ಲಿ ಶಿಫ್ರಿನ್ ಮತ್ತೆ ಬಿದ್ದರು. ಹೊಟ್ಟೆಯ ಪಕ್ಕಕ್ಕೆ ಏನೋ ಚುಚ್ಚಿ ಆಳವಾದ ಗಾಯ. ಗಾಯ ಮಾಗಿದ ಮೇಲೂ ಜೈಂಟ್ ಸ್ಲಾಲಮ್ ಅಂದರೆ ಮೈ ಹಿಂದೆ ಸರಿಯುತ್ತದೆ, ಇದು ಪಿಟಿಎಸ್‌ಡಿ (ಆಘಾತದ ನಂತರ ಮನಸ್ಸಿನಲ್ಲಿ ಉಳಿಯುವ ಭಯದ ಕಾಯಿಲೆ) ಅಂತ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. 2025ರ ಫೆಬ್ರವರಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆ ಸ್ಪರ್ಧೆಯಿಂದ ಹಿಂದೆ ಸರಿದರು. ಅದೇ ಫೆಬ್ರವರಿಯಲ್ಲಿ ಸ್ಲಾಲಮ್‌ನಲ್ಲಿ ವಿಶ್ವಕಪ್‌ನ 100ನೇ ಗೆಲುವು. ಅಷ್ಟು ಗೆದ್ದವರಿಗೇ ಮೈ ಹೆದರುತ್ತದೆ ಅಂದಮೇಲೆ ನಾನು ಎರಡು ತಿಂಗಳು ಬ್ರೇಸ್ ಬಿಡದಿದ್ದಕ್ಕೆ ನಾಚಿಕೆಪಡಬೇಕಿರಲಿಲ್ಲ. ಆಗಲೇ ಯಾರಾದರೂ ಹೇಳಿದ್ದರೆ ಫಿಸಿಯೋ ಮೇಡಂ ಹತ್ತಿರ ಮುಚ್ಚಿಡುತ್ತಿರಲಿಲ್ಲ.

ಲಿಂಡ್ಸೆ ವಾನ್ ಅವರ ಫೋಟೋ ಕೂಡ ನನ್ನ ಮೊಬೈಲಲ್ಲಿದೆ. ಅಮೆರಿಕದ ಸ್ಕೀ ಆಟಗಾರ್ತಿ, 2010ರ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಚಿನ್ನ ಗೆದ್ದವರು. 2013ರಲ್ಲಿ ಬಲ ಮಂಡಿಯ ಎಸಿಎಲ್ ಹರಿದು ಮೂಳೆಯೂ ಮುರಿಯಿತು, 2014ರ ಒಲಿಂಪಿಕ್ಸ್ ತಪ್ಪಿತು. 2018ರಲ್ಲಿ ಕೊರಿಯಾದಲ್ಲಿ ಕಂಚು. ಅಲ್ಲಿಗೆ ಹೋಗಲೇಬೇಕು ಅಂದುಕೊಂಡಿದ್ದಕ್ಕೆ ಒಂದು ಕಾರಣ ಅವರ ಅಜ್ಜ. ಕೊರಿಯಾ ಯುದ್ಧದಲ್ಲಿ ಅಲ್ಲಿ ಸೈನಿಕರಾಗಿದ್ದವರು, ಆಟಕ್ಕೆ ಕೆಲವೇ ತಿಂಗಳ ಮುಂಚೆ ತೀರಿಕೊಂಡರು. 2019ರಲ್ಲಿ ನಿವೃತ್ತಿ. 2024ರಲ್ಲಿ ಬಲ ಮಂಡಿಯ ಒಂದು ಭಾಗವನ್ನೇ ಬದಲಿಸಿ ಲೋಹ ಹಾಕಿಸಿಕೊಂಡು, 40ನೇ ವಯಸ್ಸಿನಲ್ಲಿ ಮತ್ತೆ ಇಳಿದರು. ಡೌನ್‌ಹಿಲ್ ಅಂದರೆ ಗಂಟೆಗೆ 130 ಕಿಲೋಮೀಟರ್‌ವರೆಗೂ ಹೋಗುವ ವೇಗ.

ನನ್ನ ಡೌನ್‌ಹಿಲ್ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು. ಆಪರೇಷನ್ ಆದ ವರ್ಷದ ಜುಲೈನ ಒಂದು ಸೋಮವಾರ ಅಮ್ಮನ ಜೊತೆ ಹೊರಟೆ. ಬ್ರೇಸ್ ಮನೆಯಲ್ಲೇ ಬಿಟ್ಟೆ. ಹತ್ತುವುದು ಕಷ್ಟವಾಗಲಿಲ್ಲ. ಬಸವನ ಬಾಯಿಂದ ಬೀಳುವ ನೀರು ಕುಡಿದು ತಿರುಗಿ ನಿಂತಾಗ ಗೊತ್ತಾಯಿತು, ಮಂಡಿಗೆ ಇಳಿಯುವುದೇ ಭಾರ. ಹತ್ತುವಾಗ ಸ್ನಾಯು ತಳ್ಳಿದರೆ ಸಾಕು. ಇಳಿಯುವಾಗ ಮೈಭಾರವನ್ನು ಹಿಡಿದು ನಿಧಾನವಾಗಿ ಬಿಡಬೇಕು. ಮೊದಲ ಮೆಟ್ಟಿಲಿನಲ್ಲೇ ಕಾಲು ನಡುಗಿತು. ಒಂದು ಕೋತಿ ಅಮ್ಮನ ಕೈಯ ತೆಂಗಿನಕಾಯಿ ಹೋಳಿಗೆ ಹಾರಿತು, ಅಮ್ಮ 'ಹಿಡ್ಕೋ!' ಅಂತ ಕೂಗಿದರು. ನಾನು ಯೋಚಿಸದೆ ಎರಡು ಮೆಟ್ಟಿಲು ದಡದಡ ಇಳಿದು ಅವರ ತೋಳು ಹಿಡಿದೆ. ಇಳಿದ ಮೇಲೆ ಮಂಡಿ ನೋಡಿಕೊಂಡೆ. ಏನೂ ಆಗಿರಲಿಲ್ಲ. ಉಳಿದ ಮೆಟ್ಟಿಲುಗಳನ್ನು ಅಮ್ಮನ ಕೈ ಬಿಟ್ಟು ಇಳಿದೆ.

ಈಗ ಈ ಬ್ರೇಸ್ ನನ್ನ ಹತ್ತಿರ ಇಲ್ಲ. ನಮ್ಮ ಶಾಲೆಯಲ್ಲಿ ಓದಿ ಪಿಯುಸಿಗೆ ಹೋದ ಒಬ್ಬ ಹುಡುಗಿಗೆ ಕಬಡ್ಡಿಯಲ್ಲಿ ಇದೇ ಪೆಟ್ಟಾಯಿತು. ಅವಳ ಡಾಕ್ಟರನ್ನು ಕೇಳಿ, ಅಳತೆ ನೋಡಿ, ಹೊಸ ಸ್ಪಂಜು ಹಾಕಿಸಿ ಕೊಟ್ಟೆ. ಅವಳ ಅಪ್ಪ ಗಾರೆ ಮೇಸ್ತ್ರಿ. 'ಇನ್ನು ಆಟ ಸಾಕಲ್ವಾ ಮೇಡಂ' ಎಂದರು. ಅವರಿಗೆ ಆಸ್ಟ್ರಿಯಾದ ಸ್ಕೀ ಆಟಗಾರ ಹರ್ಮನ್ ಮೈಯರ್ ಕತೆ ಹೇಳಿದೆ. ಮೈ ಸಣ್ಣದು ಅಂತ 15ನೇ ವಯಸ್ಸಿಗೆ ಸ್ಕೀ ಶಾಲೆಯಿಂದ ಮನೆಗೆ ಕಳಿಸಿದರು. ಬೇಸಿಗೆಯಲ್ಲಿ ಇಟ್ಟಿಗೆ ಕಟ್ಟುವ ಕೆಲಸ ಮಾಡಿಕೊಂಡೇ ಬೆಳೆದರು. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್‌ನ ಡೌನ್‌ಹಿಲ್‌ನಲ್ಲಿ ಗಾಳಿಯಲ್ಲಿ ಹಾರಿ ಬೇಲಿ ದಾಟಿ ಬಿದ್ದು, ಮೂರು ದಿನದಲ್ಲಿ ಒಂದು ಚಿನ್ನ, ಆಮೇಲೆ ಇನ್ನೊಂದು ಚಿನ್ನ. 2001ರಲ್ಲಿ ಬೈಕ್ ಅಪಘಾತದಲ್ಲಿ ಕಾಲೇ ಹೋಗುವುದರಲ್ಲಿತ್ತು, 2006ರಲ್ಲಿ ಮತ್ತೆ ಎರಡು ಒಲಿಂಪಿಕ್ ಪದಕ. ಮೇಸ್ತ್ರಿಗಳು ಪೂರ್ತಿ ಕೇಳಿಸಿಕೊಂಡರು. 'ಅವರೂ ಇಟ್ಟಿಗೆ ಕಟ್ತಿದ್ರಾ?' ಅಂತ ಅದೊಂದನ್ನೇ ಎರಡು ಸಲ ಕೇಳಿದರು.

ಆಮೇಲೆ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಮಂಡಿಯ ಕೆಳಗಿನ ಪಟ್ಟಿಯನ್ನು ಮೊದಲು ಬಿಗಿ ಮಾಡಿದರು. ಮೊನ್ನೆ ಹೋದಾಗ ಡಯಲ್ 60ರಲ್ಲಿತ್ತು.