ಸೈಕಲ್ ಮಲಗುವುದೆಲ್ಲಿ? ಬಾಡಿಗೆ ವ್ಯಾನಿನಲ್ಲಿ ಶಿರಸಿಯಿಂದ ಕಾರವಾರ, ನಾಲ್ಕು ದಿನ

ಐದಕ್ಕೆ ಎರಡೂವರೆ. ಒಂದು ಅಂಕ ಎಂಜಿನ್ನಿಗೆ, ಒಂದು ಹಾಸಿಗೆಗೆ, ಉಳಿದ ಅರ್ಧ, ರಾತ್ರಿ ಹತ್ತಕ್ಕೂ ಫೋನ್ ಎತ್ತಿದ ಬಾಡಿಗೆಯವರ ಹುಡುಗನಿಗೆ. ಸೈಕಲ್ ಇಡುವ ವ್ಯವಸ್ಥೆಗೆ ಸೊನ್ನೆ. ನಾವು ಆ ಗಾಡಿ ತಂದದ್ದೇ ಸೈಕಲ್ ಹೇರಿಕೊಂಡು ಹೋಗಲಿಕ್ಕೆ ಅನ್ನುವುದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ನಾನು ಶಿರಸಿಯವಳು. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಸೈಕಲ್ ಹುಚ್ಚು ಹತ್ತಿದ್ದು ಮೂವತ್ತೈದು ದಾಟಿದ ಮೇಲೆ. ತಮ್ಮ ಮ್ಯೂನಿಕ್‌ನಲ್ಲಿದ್ದಾನೆ. ಮುಂದಿನ ಸೆಪ್ಟೆಂಬರಿಗೆ ಅವನು, ನಾನು, ನಮ್ಮನೆಯವರು ಮೂವರೂ ಅಲ್ಲಿ ಒಂದು ವ್ಯಾನ್ ಹಿಡಿದು, ಮೌಂಟನ್ ಬೈಕ್ ತುಂಬಿಕೊಂಡು, ಆಲ್ಪ್ಸ್ ದಾಟಿ ಇಟಲಿಯ ಸಮುದ್ರದವರೆಗೆ ಹೋಗುವುದೆಂದು ತೀರ್ಮಾನವಾಗಿದೆ. 24 ದಿನ. ನಕ್ಷೆಯ ಮೇಲೆ ಗೆರೆ ಎಳೆಯುತ್ತ ಕೂತಿದ್ದಾಗ ನಮ್ಮನೆಯವರು ಹೇಳಿದರು: "24 ದಿನ ಒಂದೇ ಡಬ್ಬಿಯೊಳಗೆ ಇರೋ ಮೊದಲು ಇಲ್ಲೇ ನಾಲ್ಕು ದಿನ ಇದ್ದು ನೋಡುವ. ಜಗಳ ಆದ್ರೆ ಕುಮಟಾದಿಂದ ಬಸ್ಸಾದ್ರೂ ಸಿಗ್ತದೆ."

ತಮ್ಮ ರಜೆಗೆ ಬಂದಿದ್ದ, ತನ್ನ ಸೈಕಲ್ಲನ್ನೂ ಪೆಟ್ಟಿಗೆಯಲ್ಲಿ ತಂದಿದ್ದ. ಹಾಗಾಗಿ ಅಕ್ಟೋಬರಿನಲ್ಲಿ ಗಾಡಿ ತರಿಸಿದೆವು. ಕೊಟ್ಟವರ ಹೆಸರು ಬೇಡ. ಹಳೇ ಟೆಂಪೋ ಟ್ರಾವೆಲರ್ ಒಂದರ ಸೀಟು ಕಿತ್ತು, ಹಿಂದುಗಡೆ ಅಡ್ಡಕ್ಕೆ ಮಂಚ, ಮುಂದೆ ಒಂದು ಬೆಂಚು, ಒಲೆ, ಸಿಂಕು, 60 ಲೀಟರಿನ ನೀರಿನ ಟ್ಯಾಂಕು ಕೂರಿಸಿದ್ದಾರೆ. ದಿನಕ್ಕೆ 5,500 ರೂಪಾಯಿ, ಡೀಸೆಲ್ ನಮ್ಮದು, ಠೇವಣಿ 10,000. ನಂಬರ್ ಪ್ಲೇಟು ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ, ಅಂದರೆ ನಾವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗೆ ಇರಬೇಕಾದದ್ದೇ. ಇದನ್ನು ನೋಡಿಕೊಳ್ಳದೆ ಬಿಳಿ ಪ್ಲೇಟಿನ ಗಾಡಿ ಬಾಡಿಗೆಗೆ ಹಿಡಿದರೆ ತೊಂದರೆಯಾದಾಗ ವಿಮೆಯವರು ಕೈ ಎತ್ತಬಹುದು.

ಗಾಡಿ ಅಂಗಳಕ್ಕೆ ಬಂದು ನಿಂತಾಗ ಆಯಿ ಒಳಗೆಲ್ಲ ಇಣುಕಿ, ಮೂರು ಸೈಕಲ್ಲನ್ನೂ ನೋಡಿ ಕೇಳಿದ್ದು ಒಂದೇ ಮಾತು: "ಸೈಕಲ್ಲಿಗೆ ಜಾಗ ಇದ್ದು, ನಿಂಗಕ್ಕೆ (ನಿಮಗೆ) ಎಲ್ಲಿದ್ದು?" ಆಯಿ ಹೇಳಿದ್ದು ಅರ್ಧ ಸರಿ. ನಿಜಕ್ಕೂ ಸೈಕಲ್ಲಿಗೂ ಜಾಗ ಇರಲಿಲ್ಲ.

"ಸೈಕಲ್ ಸ್ಟ್ಯಾಂಡ್ ಇದೆ" ಅಂತ ಫೋನಿನಲ್ಲಿ ಹೇಳಿದ್ದರು. ಇತ್ತು. ನಡುವಿನ ಓಣಿಯ ನೆಲಕ್ಕೆ ಮೂರು ಕ್ಲಾಂಪು ಬೋಲ್ಟ್ ಮಾಡಿದ್ದರು. ಮುಂದಿನ ಗಾಲಿ ಬಿಚ್ಚಿ, ಅದನ್ನು ಹಿಡಿಯುವ ಕವಲನ್ನು, ಅಂದರೆ ಫೋರ್ಕನ್ನು, ಕ್ಲಾಂಪಿಗೆ ಕಚ್ಚಿಸಿದರೆ ಸೈಕಲ್ ಅಲುಗದೆ ನಿಲ್ಲಬೇಕು. ಆದರೆ ಆ ಕ್ಲಾಂಪು ಹಳೇ ಕಾಲದ 9 ಎಂಎಂ ಕ್ವಿಕ್ ರಿಲೀಸ್ (ಹಿಡಿ ಸಡಿಲಿಸಿ ಗಾಲಿ ಬಿಚ್ಚುವ ತೆಳು ಅಚ್ಚು) ಫೋರ್ಕಿಗೆ ಮಾಡಿದ್ದು. ನನ್ನದಕ್ಕೂ ತಮ್ಮನದಕ್ಕೂ ಇರುವುದು 15 ಎಂಎಂ ದಪ್ಪದ ತ್ರೂ ಆಕ್ಸಲ್, ಅಂದರೆ ಫೋರ್ಕಿನ ಎರಡೂ ಕಾಲುಗಳನ್ನು ತೂರಿ ಹೋಗುವ ಅಚ್ಚು, ಫೋರ್ಕಿನ ಕಾಲುಗಳ ನಡುವೆ 110 ಎಂಎಂ ಅಂತರ. ಇತ್ತೀಚಿನ ಮೌಂಟನ್ ಬೈಕ್‌ಗಳಲ್ಲಿ ಹೆಚ್ಚಿನವು ಹೀಗೇ. ಕ್ಲಾಂಪಿಗೆ ಸರಿಯಾಗಿ ಕೂತದ್ದು ನಮ್ಮನೆಯವರ ಹನ್ನೆರಡು ವರ್ಷ ಹಳೆಯ ಡಕೋಟ ಮಾತ್ರ. ಅದು ಮದುಮಗನ ಹಾಗೆ ನಡುವೆ ನೆಟ್ಟಗೆ ನಿಂತಿತು. ನಮ್ಮಿಬ್ಬರ ಸೈಕಲ್ಲುಗಳು ಕಂಬಳಿ ಹೊದ್ದು ನೆಲದ ಮೇಲೆ ಒಂದರ ಮೇಲೊಂದು ಮಲಗಿದವು. ನನ್ನದು ಕೆಳಗೆ, ಬಲಮಗ್ಗುಲಿಗೆ. ತಪ್ಪು ಆಗಿದ್ದು ಅಲ್ಲೇ. ಬಲಮಗ್ಗುಲಿನಲ್ಲೇ ಅಲ್ಲವೇ ಗೇರು ಇರುವುದು?

ಮೊದಲ ಬೆಳಿಗ್ಗೆ ದೇವಿಮನೆ ಘಟ್ಟಕ್ಕೆ ಮುಂಚೆ ಸಿಗುವ ಭಾವನ ಮನೆಯಲ್ಲಿ ಇಳಿದು, ಅವರ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನಲ್ಲಿ, ಎರಡು ತಾಸು ಸೈಕಲ್ ಹೊಡೆದೆವು. ಮೀಸಲು ಅರಣ್ಯದೊಳಗೆ ಇಲಾಖೆಯ ಅನುಮತಿ ಇಲ್ಲದೆ ನುಗ್ಗಬಾರದು. ಆದರೆ ನಮ್ಮ ಕಡೆ ಅಡಿಕೆ ತೋಟದವರಿಗೆಲ್ಲ ನೆಂಟರ ಬೆಟ್ಟ ಒಂದಲ್ಲ ಒಂದು ಇದ್ದೇ ಇರುತ್ತದೆ. ದರಕಿನ (ಒಣ ತರಗೆಲೆಯ) ಅಡಿ ಜಾರುವ ಕೆಂಪು ಮಣ್ಣು, ಅಲ್ಲಲ್ಲಿ ಬೇರು, ತಿರುವಿನಲ್ಲಿ ಒಂದು ಜಂಬಿಟ್ಟಿಗೆ ಕಲ್ಲು. ತಮ್ಮ ಎರಡು ಸಲ ಬಿದ್ದ. "ಅಕ್ಕಾ, ಆಲ್ಪ್ಸಲ್ಲಿ ದಾರಿ ಕಡಿದಾಗಿರ್ತದೆ, ಆದ್ರೆ ಉಂಬಳ ಇರೋದಿಲ್ಲ" ಅನ್ನುತ್ತ ಕಾಲಿಗೆ ಸುಣ್ಣ ಹಚ್ಚಿಕೊಂಡ.

ಕೆಸರು ತೊಳೆಯಲು ನಾವು ಮಾಡಿದ ಉಪಾಯ ಮಾತ್ರ ಯಾವ ದೇಶಕ್ಕಾದರೂ ಒಯ್ಯಬಹುದಾದದ್ದು. ತೋಟಕ್ಕೆ ಔಷಧಿ ಹೊಡೆಯುವ 5 ಲೀಟರಿನ ಕೈಪಂಪು. ಗಾಳಿ ತುಂಬಿ ನಳಿಗೆ ಹಿಡಿದರೆ ಸರಪಳಿಯ ಸಂದಿನ ಮಣ್ಣೂ ಬಿಡುತ್ತದೆ, ಮೂರು ಸೈಕಲ್ಲಿಗೆ ಒಂದು ಪಂಪು ನೀರು ಸಾಕು, ಗಾಡಿಯ ಟ್ಯಾಂಕು ಖಾಲಿಯಾಗದು. ಆದರೆ ಹೊಸ ಪಂಪೇ ಕೊಳ್ಳಿ. ಬೋರ್ಡೋ ದ್ರಾವಣ ಹೊಡೆದದ್ದು ಬೇಡ. ಅದರ ಮೈಲುತುತ್ತ ಉಳಿದಿದ್ದರೆ ಸೈಕಲ್ಲಿನ ಅಲ್ಯೂಮಿನಿಯಂ ತಿನ್ನುತ್ತದೆ.

ತೊಳೆದು, ಮತ್ತೆ ಮಲಗಿಸಿ, ಘಟ್ಟ ಇಳಿದೆವು. ಅಗಲೀಕರಣದ ಕೆಲಸದಲ್ಲಿ ಅಗೆದ ರಸ್ತೆ, ತಿರುವು, ಎದುರಿಗೆ ಲಾರಿ. ಗಾಡಿಯ ಎಂಜಿನ್ ಬಗ್ಗೆ ದೂರಿಲ್ಲ. ಎರಡನೇ ಗೇರಿನಲ್ಲಿ ಹಿಡಿದ ಹಿಡಿತ ಬಿಡದೆ ಇಳಿಯಿತು, ಬ್ರೇಕು ಬಿಸಿಯಾದ ವಾಸನೆ ಬರಲಿಲ್ಲ. ನಮ್ಮನೆಯವರಿಗೆ ದೇವಿಮನೆ ಇಳಿಸಿದ ಮೇಲೆ ಲೋಕದಲ್ಲಿ ಎಂಥ ಘಾಟಿಯೂ ಲೆಕ್ಕಕ್ಕಿಲ್ಲ. ಇಟಲಿಯ ಸ್ಟೆಲ್ವಿಯೋ ಕಣಿವೆದಾರಿ 2,757 ಮೀಟರ್ ಎತ್ತರದಲ್ಲಿದೆ, ಒಂದು ಬದಿಯಲ್ಲೇ 48 ಹಿಮ್ಮುರಿ ತಿರುವು, ಪ್ರತಿಯೊಂದಕ್ಕೂ ನಂಬರಿನ ಫಲಕ ಅಂತ ತಮ್ಮ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲಿ ಲಾರಿ ಬರ್ತದಾ?" ಅಂದರು.

ಕುಮಟಾದಲ್ಲಿ ಸೈಕಲ್ ಇಳಿಸಿ ತುಳಿದರೆ ಸರಪಳಿ ಹಲ್ಲಿನಿಂದ ಹಲ್ಲಿಗೆ ಹಾರುತ್ತಿದೆ. ಹಿಂದಿನ ಗೇರು ಯಂತ್ರ ಹಿಡಿದುಕೊಳ್ಳುವ ಹ್ಯಾಂಗರ್ ಅನ್ನುವ ಸಣ್ಣ ತುಂಡು ಒಳಕ್ಕೆ ಬಾಗಿತ್ತು. ಮೇಲಿನ ಸೈಕಲ್ಲಿನ ಭಾರ, ತಿರುವು ತಿರುವಿಗೂ ಜಜ್ಜಿದ್ದು. ಚೌಕಟ್ಟು ಮುರಿಯುವ ಬದಲು ತಾನೇ ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಚೌಕಟ್ಟಿಗೆ ಒಂದೊಂದು ಆಕಾರ, ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ನನ್ನ ಚೀಲದಲ್ಲಿ ಒಂದು ಹೆಚ್ಚಿನದಿತ್ತು, ಬಚಾವಾದೆ. ಯುರೋಪಿಗೆ ತಲಾ ಎರಡು ಒಯ್ಯುವುದೆಂದು ಅಲ್ಲೇ ಪಟ್ಟಿಗೆ ಸೇರಿಸಿದೆ.

ಈಗ ಇಡೀ ಪ್ರವಾಸದ ನಿಜವಾದ ಐದು ಸ್ಟಾರಿನ ಸೇವೆ: ಕುಮಟಾದ ಒಂದು ಲೇತ್ ಅಂಗಡಿ. ತಗಡಿನ ಮಾಡು, ಬಾಗಿಲಲ್ಲಿ ಬಿಚ್ಚಿಟ್ಟ ದೋಣಿಯ ಎಂಜಿನ್ನು. ನಮ್ಮ ಫೋರ್ಕಿಗೆ ಕೂರುವ ಕ್ಲಾಂಪು ಬೇಕೆಂದು ನಾನು ಹೇಳುವುದನ್ನು ಮಾಲೀಕರು ಅರ್ಧಕ್ಕೇ ತಡೆದು, "ಮಾತು ಬೇಡ, ಸಾಮಾನು ಕೊಡಿ" ಎಂದು ಆಕ್ಸಲ್ ಇಸಿದುಕೊಂಡು ವರ್ನಿಯರ್ ಇಟ್ಟು ನೋಡಿದರು. ಮೂಲೆಯ ಗುಜರಿಯಿಂದ ಒಂದು ದಪ್ಪ ಪೈಪು ಎಳೆದು, 110 ಎಂಎಂ ಉದ್ದಕ್ಕೆ ಎರಡು ತುಂಡು ಮಾಡಿ, ಒಳಗೆ 15ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಕೊರೆದರು. ಆಕ್ಸಲ್ ತೂರಿಸಿ, ಬೆರಳಲ್ಲಿ ತಿರುಗಿಸಿ, ಕಿವಿ ಹತ್ತಿರ ಹಿಡಿದು ಕೇಳಿದರು. ಸದ್ದು ಸರಿಯಿಲ್ಲವೆಂದು ಮತ್ತೊಮ್ಮೆ ಲೇತಿಗೆ ಹಾಕಿದರು. ಆಮೇಲೆ ಚಪ್ಪಟೆ ಪಟ್ಟಿಗೆ ವೆಲ್ಡ್ ಮಾಡಿ, ಗಾಡಿಯ ನೆಲದ ಅದೇ ಬೋಲ್ಟಿಗೆ ಸರಿಹೊಂದುವ ತೂತು ಹೊಡೆದರು. ಒಂದೂವರೆ ತಾಸು, 350 ರೂಪಾಯಿ. "ಬಣ್ಣ ಹೊಡ್ಕೊಳ್ಳಿ, ಇಲ್ಲಿ ಉಪ್ಪುಗಾಳಿ" ಅಂದರು. ಅಲ್ಲಿಂದ ಮುಂದೆ ಮೂರೂ ಸೈಕಲ್ ನೆಟ್ಟಗೆ ನಿಂತವು.

ನಿಂತವು, ಆದರೆ ಓಣಿಯ ತುಂಬ. ಒಲೆಯ ಹತ್ತಿರ ಹೋಗಬೇಕಾದರೆ ಗಾಡಿಯಿಂದ ಇಳಿದು, ಸುತ್ತು ಹಾಕಿ, ಪಕ್ಕದ ಬಾಗಿಲಿನಿಂದ ಕೈ ಚಾಚಬೇಕು. ರಾತ್ರಿ ಮಲಗಬೇಕಾದರೆ ಸೈಕಲ್ ಹೊರಗೆ. ಮಂಚದ ಕೆಳಗೆ ತಳ್ಳೋಣವೆಂದರೆ ಅಲ್ಲಿ ಎತ್ತರ ಬರೀ 62 ಸೆಂ.ಮೀ. ಗಾಲಿ ಬಿಚ್ಚಿ ಸೀಟು ಇಳಿಸಿದರೂ ಇಂದಿನ ಸೈಕಲ್ಲಿಗೆ ಸುಮಾರು ಒಂದು ಮೀಟರ್ ಬೇಕು. ಗೋಕರ್ಣದಲ್ಲಿ ಪರಿಚಯದವರ ತೆಂಗಿನ ತೋಟದಲ್ಲಿ ನಿಲ್ಲಿಸಿ, ಮರಕ್ಕೆ ಸರಪಳಿ ಬಿಗಿದು ಮಲಗಿದೆ. ಕಾಯಿ ಬಿದ್ದ ಸದ್ದಾದಾಗಲೆಲ್ಲ ಎದ್ದು ಕಿಟಕಿಯಲ್ಲಿ ನೋಡಿದೆ. ಬೆಳಿಗ್ಗೆಗೆ ಸರಪಳಿಯ ಕೊಂಡಿಗಳ ಮೇಲೆ ತೆಳ್ಳಗೆ ಕೆಂಪು.

ಆ ರಾತ್ರಿ ನಮಗೂ ನಿದ್ದೆ ಸುಖವಾಗಿರಲಿಲ್ಲ. ಸೆಕೆ. ಮಾಡಿನ ಫ್ಯಾನು ಬೆಳಗಿನ ಜಾವ ನಾಲ್ಕಕ್ಕೆ ನಿಂತಿತು. 100 ಆಂಪಿಯರ್ ಅವರ್ ಬ್ಯಾಟರಿ ಅಂತ ಜಾಹೀರಾತಿನಲ್ಲಿದೆ, ಸುಳ್ಳಲ್ಲ. ಆದರೆ ಅದು ಸೀಸ–ಆಮ್ಲದ್ದು, ಆಯುಷ್ಯ ಉಳಿಯಬೇಕಾದರೆ ಸುಮಾರು ಅರ್ಧವನ್ನಷ್ಟೇ ಬಳಸಬೇಕು. ಫ್ರಿಜ್ಜೂ ಫ್ಯಾನೂ ಕೂಡಿ ಸಂಜೆಯಿಂದ ಓಡಿದರೆ ಅಷ್ಟು ಮುಗಿಯಲು ಒಂದು ರಾತ್ರಿ ಸಾಕು. ಗಾಡಿ ಹಿಡಿಯುವವರು ಬ್ಯಾಟರಿ ಎಷ್ಟು ಅನ್ನುವುದರ ಜೊತೆಗೆ ಯಾವುದು ಅಂತಲೂ ಕೇಳಿ. ಲಿಥಿಯಂ ಆದರೆ ಅದೇ ನಂಬರಿಗೆ ಹೆಚ್ಚುಕಡಿಮೆ ಎರಡರಷ್ಟು ಸಿಗುತ್ತದೆ.

ಮರುದಿನ ಓಂ ಬೀಚಿನಿಂದ ಹಾಫ್‌ಮೂನ್ ಕಡೆಗೆ ಗುಡ್ಡದ ಕಾಲುದಾರಿಯಲ್ಲಿ ಹೊರಟೆವು. ನಡೆಯುವ ಜನ ಹೆಚ್ಚು, ಆದ್ದರಿಂದ ಹೆಚ್ಚಿನ ಹೊತ್ತು ಸೈಕಲ್ ತಳ್ಳಿದ್ದೇ. ಮೇಲಿಂದ ಸಮುದ್ರ ಕಂಡಾಗ ತಮ್ಮ, "ಫಿನಾಲೆ ಲಿಗೂರೆ ಹೀಗೇ ಇರ್ತದೆ, ಬೆಟ್ಟದ ಬುಡಕ್ಕೇ ಸಮುದ್ರ" ಅಂದ. ನಮ್ಮ ಯುರೋಪ್ ಪ್ರವಾಸ ಮುಗಿಯುವುದು ಇಟಲಿಯ ಆ ಊರಲ್ಲಿ. ಅಲ್ಲಿ ಸೈಕಲ್ಲಿನವರನ್ನು ವ್ಯಾನುಗಳೇ ಬೆಟ್ಟದ ಮೇಲಕ್ಕೆ ಒಯ್ಯುತ್ತವೆ. ಹಳೆಯ ನೇಟೋ ನೆಲೆಯೊಂದರ ಹತ್ತಿರ ಇಳಿಸಿದರೆ ಕೆಳಗೆ ಕಡಲವರೆಗೂ ಇಳಿಜಾರು. ಆಲ್ಪ್ಸ್‌ನಲ್ಲಿ ಆ ಕೆಲಸ ತೊಟ್ಟಿಲು–ಕುರ್ಚಿಗಳ ಲಿಫ್ಟಿನದು, ಹಲವು ಸೆಪ್ಟೆಂಬರ್ ನಡುವಿಗೋ ಕೊನೆಗೋ ಬಾಗಿಲು ಹಾಕುತ್ತವೆ. ಅದಕ್ಕೇ ನಮ್ಮ ಕ್ರಮ: ಮೊದಲು ಆಸ್ಟ್ರಿಯಾದ ಲಿಯೋಗಾಂಗ್, 2020ರ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆದ ಊರು, ಆಮೇಲೆ ಇಟಲಿಯ ಲಿವಿನ್ಯೋ, ಅಲ್ಲಿ ತೆರಿಗೆ ವಿನಾಯಿತಿ ಇರುವುದರಿಂದ ಡೀಸೆಲ್ ಅಗ್ಗ, ಲಿಫ್ಟು ಮುಚ್ಚುವ ಹೊತ್ತಿಗೆ ದಕ್ಷಿಣಕ್ಕೆ ಇಳಿದು ಸಮುದ್ರ. ಫ್ರಾನ್ಸ್–ಸ್ವಿಸ್ ಗಡಿಯ ಪೋರ್ಟ್ ದ್ಯು ಸೊಲೇಯ್, 12 ಊರುಗಳ ಲಿಫ್ಟು ಒಂದಕ್ಕೊಂದು ಕೂಡಿದ ಜಾಗ, ನನಗೆ ಬಹಳ ಆಸೆಯಿತ್ತು. ಬಿಟ್ಟೆವು. ಹಾದಿಯಲ್ಲಿ ಸ್ವಿಟ್ಜರ್ಲೆಂಡಿನ ಹೆದ್ದಾರಿ ಹಿಡಿದರೆ ಒಂದು ದಿನಕ್ಕೂ ಇಡೀ ವರ್ಷದ 40 ಫ್ರಾಂಕಿನ ರಸ್ತೆ ಸುಂಕದ ಚೀಟಿಯೇ ಕೊಳ್ಳಬೇಕು ಅನ್ನುವುದಕ್ಕಲ್ಲ, ದಿನ ಸಾಲದು.

ಸೈಕಲ್ಲನ್ನು ಗಾಡಿಯ ಬೆನ್ನಿಗೆ ನೇತುಹಾಕಿದರೆ ಒಳಗಿನ ರಗಳೆಯೇ ಇಲ್ಲವಲ್ಲ ಅಂತ ಕೇಳುವವರಿಗೆ: ನಾವೂ ಕೇಳಿದ್ದೆವು. ಇಟಲಿಯಲ್ಲಿ ಹಿಂದೆ ಚಾಚಿದ ಸೈಕಲ್ಲಿಗೆ 50ಕ್ಕೆ 50 ಸೆಂ.ಮೀ. ಅಳತೆಯ ಕೆಂಪು–ಬಿಳಿ ಪಟ್ಟೆಯ ಹಲಗೆ ಕಟ್ಟಲೇಬೇಕು, ಇಲ್ಲದಿದ್ದರೆ ದಂಡ. ಅದು ಸಣ್ಣ ಮಾತು. ದೊಡ್ಡದೆಂದರೆ, ಊಟಕ್ಕೆ ನಿಲ್ಲಿಸಿದಲ್ಲೆಲ್ಲ ಒಬ್ಬರು ಕಾವಲು ಕೂರಬೇಕು. ಆದ್ದರಿಂದ ಒಳಗೇ. ಅದಕ್ಕೆ ಬೇಕಾದದ್ದು ಮಂಚದ ಕೆಳಗೆ ಒಂದು ಕೊಟ್ಟಿಗೆ. ಮಂಚ ಎತ್ತಿದಷ್ಟೂ ಮಲಗುವವರ ತಲೆಗೆ ಜಾಗ ಕಡಿಮೆ: ಒಳಗೆ 1.9 ಮೀಟರ್ ಎತ್ತರದ ವ್ಯಾನಿನಲ್ಲಿ ಸೈಕಲ್ಲಿಗೆ 1.1 ಕೊಟ್ಟರೆ ನಮಗೆ ಉಳಿಯುವುದು 80 ಸೆಂ.ಮೀ., ಹಾಸಿಗೆಯ ದಪ್ಪವೂ ಅದರಲ್ಲೇ. ನಮ್ಮನೆಯವರು ಎದ್ದು ಕೂತರೆ ತಲೆ ಬಡಿಯುತ್ತದೆ. "ಬಡೀಲಿ, ಬೆಳಿಗ್ಗೆ ಬೇಗ ಏಳಬಹುದು" ಅಂತ ತಮ್ಮ.

ಭಾರದ್ದು ಇನ್ನೊಂದು. ಅಲ್ಲಿ ಕಾರಿನ ಲೈಸೆನ್ಸಿಗೆ ಸಾಮಾನ್ಯವಾಗಿ ಗಾಡಿಯ ಒಟ್ಟು ತೂಕ 3,500 ಕಿಲೋ ಮೀರಬಾರದು. ನಮ್ಮ ಎಲ್‌ಎಂವಿ (ಲಘು ವಾಹನ) ಲೈಸೆನ್ಸಿಗೆ 7,500ರವರೆಗೆ ನಡೆಯುವುದರಿಂದ ನಮಗೆ ಆ ಅಭ್ಯಾಸವಿಲ್ಲ. ಮೂವರು, ಮೂರು ಸೈಕಲ್, 100 ಲೀಟರ್ ನೀರೆಂದರೆ 100 ಕಿಲೋ, ಅದರ ಮೇಲೆ ಆಯಿ ಕಟ್ಟಿಕೊಡುವ ಅಪ್ಪೆಮಿಡಿ ಉಪ್ಪಿನಕಾಯಿ. ನೀರು ಅರ್ಧ ತುಂಬಿಸಿ ಓಡಿಸುವುದೆಂದಾಯಿತು. ಉಪ್ಪಿನಕಾಯಿ ಬಿಡುವಂತಿಲ್ಲ, ಬೆವರು ಸುರಿದ ಮೇಲೆ ಅಪ್ಪೆಮಿಡಿಯ ಹುಳಿನೀರು ಅಪ್ಪೆಹುಳಿಯ ಮುಂದೆ ನೀರಿಗೆ ಬೆರೆಸಿ ಕುಡಿಯುವ ಯಾವ ಪುಡಿಯೂ ನಿಲ್ಲುವುದಿಲ್ಲ. ಈ ನಾಲ್ಕು ದಿನವೂ ಅದನ್ನೇ ಕುಡಿದದ್ದು.

ಒಲೆಗೆ ಇಲ್ಲಿ ಕೊಟ್ಟಿದ್ದ ಸಣ್ಣ ಸಿಲಿಂಡರ್ ಚೆನ್ನಾಗಿಯೇ ಉರಿಯಿತು. ಆಲ್ಪ್ಸ್‌ನ ಚಳಿಗೆ ಮಾತ್ರ ಪ್ರೊಪೇನೇ ಕೇಳಬೇಕು. ಬ್ಯೂಟೇನು ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಬೆಳಗಿನ ಚಹಕ್ಕೆ ಕುತ್ತು.

ಕಾರವಾರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಳೆ ಹಿಡಿಯಿತು. ಠಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಮ್ಯೂಸಿಯಂನ ಪಕ್ಕ ನಿಂತು ಭಜಿ ತಿಂದೆವು, ಒದ್ದೆ ಬಟ್ಟೆಯ ವಾಸನೆಯ ಗಾಡಿಯೊಳಗೆ ಕೂತು ತಮ್ಮನೂ ನಮ್ಮನೆಯವರೂ ಹಾಸಿಗೆಯ ಮೇಲೆ ಹಾಸಿದ ಟವೆಲ್ಲಿನ ವಿಷಯಕ್ಕೆ ಒಂದು ತಾಸು ಮಾತು ಬಿಟ್ಟರು. ಬಸ್ ಹತ್ತುವವರೆಗೆ ಹೋಗಲಿಲ್ಲ.

ಗಾಡಿ ಹಿಂತಿರುಗಿಸಿದಾಗ ಠೇವಣಿಯಿಂದ 1,500 ಮುರಿದರು: "ಕೆಸರು, ಮತ್ತೆ ಬಾಗಿಲಿಗೆ ಗೀರು". ಗೀರು ಮೊದಲೇ ಇತ್ತು, ತಂದ ದಿನವೇ ಸುತ್ತ ವಿಡಿಯೊ ಮಾಡಿಕೊಂಡಿದ್ದೆ. ತೋರಿಸಿದ ಮೇಲೆ 1,000 ವಾಪಸು ಬಂತು. ಕೆಸರಿನ 500ಕ್ಕೆ ನಾನು ವಾದಿಸಲಿಲ್ಲ, ಕೆಸರು ನಮ್ಮದೇ. ನಮ್ಮ ಪೈಪಿನ ತುಂಡುಗಳನ್ನು ಗಾಡಿಯಲ್ಲೇ ಬಿಡಿ, ಮುಂದಿನವರಿಗೆ ಆಗ್ತದೆ ಅಂದರು. ಬಿಚ್ಚಿಕೊಂಡು ಬಂದೆ.

ಮ್ಯೂನಿಕ್‌ನ ಮೂರು ಬಾಡಿಗೆ ಕಂಪನಿಗಳಿಗೆ ಈಗ ತಮ್ಮನ ಕೈಯಲ್ಲಿ ಒಂದೇ ಪ್ರಶ್ನೆ ಬರೆಸಿದ್ದೇನೆ: ಮಂಚದ ಕೆಳಗಿನ ಎತ್ತರ ಟೇಪ್ ಹಿಡಿದು ಅಳೆದು, ಫೋಟೊ ಸಮೇತ ಕಳಿಸಿ. ಒಬ್ಬರದು ಬಂದಿದೆ, 94 ಸೆಂ.ಮೀ. ಇನ್ನಿಬ್ಬರಿಗೆ ಕಾಯುತ್ತಿದ್ದೇವೆ. ಅಷ್ಟರಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟಿಗೆ ನಮ್ಮನೆಯವರು ಶಿರಸಿ ಆರ್‌ಟಿಒಗೆ ಹೋಗಬೇಕು. ಆದರೆ ಅದರ ಅವಧಿ ಒಂದೇ ವರ್ಷ, ಈಗಲೇ ಮಾಡಿಸಿದರೆ ಸೆಪ್ಟೆಂಬರ್ ಕೊನೆಗೆ ಬಿಗಿಯಾಗುತ್ತದೆ. ಬೇಸಿಗೆ ಕಳೆಯಲಿ. ಪೈಪಿನ ತುಂಡುಗಳಿಗೆ ಬಣ್ಣ ಹೊಡೆದಾಗಿದೆ, ಹಸಿರು. ಮನೆಯ ಗೇಟಿಗೆ ತಂದದ್ದು ಉಳಿದಿತ್ತು.